ಪಾರವ್ವನ ಹನ್ನೆರಡು ಒಲೆ

ಬೆಳಗಿನ ಆರೂವರೆಗೆ ಮಾರೇನಹಳ್ಳಿಯ ಆ ಅಡ್ಡರಸ್ತೆಗೆ ಕಾಲಿಟ್ಟರೆ ಚಪ್ಪಾಳೆ ತಟ್ಟಿದಂಥ ಸದ್ದು ಕೇಳುತ್ತದೆ. ಆ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಯಾವುದೋ ಭಜನೆ ಮಂಡಳಿ ಇರಬೇಕು ಅಂದುಕೊಂಡು ಎರಡು ದಿನ ಸುಮ್ಮನಿರುತ್ತಾರೆ. ಮೂರನೇ ದಿನ ಬಿಸಿ ಜೋಳದ ವಾಸನೆ ಮೂಗಿಗೆ ಬಡಿದಾಗ ಗೊತ್ತಾಗುತ್ತದೆ, ಅದು ಹಳದಿ ಬಣ್ಣದ ಮನೆಯ ಕೆಳಮಹಡಿಯಲ್ಲಿ ಹನ್ನೆರಡು ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿಯುವ ಸದ್ದು ಅಂತ. ವಿಜಯನಗರ, ರಾಜಾಜಿನಗರದ ಐದಾರು ಖಾನಾವಳಿಗಳಿಗೆ, ಎರಡು ಹಾಸ್ಟೆಲ್ಲಿಗೆ, ಮದುವೆ-ಗೃಹಪ್ರವೇಶಗಳಿಗೆ ರೊಟ್ಟಿ ಹೋಗುವುದು ಇಲ್ಲಿಂದಲೇ.

ಈ ರೊಟ್ಟಿಮನೆಯ ಮಾಲೀಕರು ಚನ್ನವೀರಪ್ಪ. ದಾವಣಗೆರೆ ಕಡೆಯವರು. ಬಟ್ಟೆ ಅಂಗಡಿ ಇಟ್ಟು, ಅದು ಕೈಹಿಡಿಯದೆ, ಕೊನೆಗೆ ಹೆಂಡತಿ ಹೇಳಿದ್ದಕ್ಕೆ ರೊಟ್ಟಿಗೆ ಇಳಿದವರು. ಶುರುವಾದಾಗ ಇದ್ದದ್ದು ಮೂರೇ ಒಲೆ. ಮೂರನೇ ಒಲೆಯ ಮುಂದೆ ಕೂತವಳು ಪಾರವ್ವ.

ಪಾರವ್ವನ ಊರು ಇಳಕಲ್ಲಿನ ಹತ್ತಿರದ ಒಂದು ಹಳ್ಳಿ. ಗಂಡ ಈರಪ್ಪ ಟೈಲ್ಸ್ ಕೂರಿಸುವ ಕೆಲಸದವನು, ಅವನ ಜೊತೆ ಬೆಂಗಳೂರಿಗೆ ಬಂದು ಮೂಡಲಪಾಳ್ಯದಲ್ಲಿ ಎರಡು ಕೋಣೆಯ ಮನೆ ಹಿಡಿದಳು. ಶಾಲೆಯ ಮೆಟ್ಟಿಲು ಹತ್ತಿದ್ದು ಎರಡೇ ವರ್ಷ. ಆದರೆ ಒಂಬತ್ತನೇ ವಯಸ್ಸಿಗೆ ರೊಟ್ಟಿ ಕಲ್ಲಿನ ಮುಂದೆ ಕೂತವಳು, ಈಗ ನಲವತ್ನಾಲ್ಕು. ಕುಳ್ಳಗಿನ ಮೈಕಟ್ಟು, ಅಗಲವಾದ ಅಂಗೈ. ಹಿಟ್ಟಿನ ಉಂಡೆ ಅವಳ ಕೈಗೆ ಬಂದರೆ ತಿರುಗುತ್ತ ತಿರುಗುತ್ತ ತಾನಾಗಿಯೇ ಅಗಲವಾಗುತ್ತಿದೆಯೇನೋ ಅನ್ನಿಸುತ್ತಿತ್ತು.

ಮೊದಲಿನ ವರ್ಷಗಳಲ್ಲಿ ಚನ್ನವೀರಪ್ಪ ದಿನಾ ಬೆಳಿಗ್ಗೆ ಬಂದು, ಫ್ಲಾಸ್ಕಿನ ಚಹಾ ತಾವೇ ಬಗ್ಗಿಸಿ ಕೊಟ್ಟು, ಮೊದಲ ರೊಟ್ಟಿಯನ್ನು ಶೇಂಗಾ ಚಟ್ನಿ ಜೊತೆ ಅಲ್ಲೇ ನಿಂತು ತಿನ್ನುತ್ತಿದ್ದರು. ಒಲೆ ಮೂರಿದ್ದದ್ದು ಆರಾಯಿತು, ಆರು ಹನ್ನೆರಡಾಯಿತು. ಆಮೇಲೆ ಅವರಿಗೆ ಆರ್ಡರು ಹಿಡಿಯುವುದಕ್ಕೇ ಹೊತ್ತು ಸಾಲದೆ, ಒಳಗಿನದನ್ನು ನೋಡಿಕೊಳ್ಳಲು ನಾಗಭೂಷಣ್ ಅನ್ನುವವರನ್ನು ಮ್ಯಾನೇಜರ್ ಮಾಡಿಕೊಂಡರು.

ನಾಗಭೂಷಣ್ ಇಪ್ಪತ್ತು ವರ್ಷ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವರು. ಕೆಟ್ಟ ಮನುಷ್ಯರಲ್ಲ. ಹೊತ್ತಿಗೆ ಮುಂಚೆ ಬರುತ್ತಿದ್ದರು, ಯಾರ ಮೈ ಮುಟ್ಟಿದವರಲ್ಲ, ಕೆಟ್ಟ ಮಾತು ಆಡಿದವರಲ್ಲ. ಆದರೆ ಕೆಲಸ ಅಂದರೆ ಸದ್ದಿಲ್ಲದೆ ನಡೆಯಬೇಕು ಅನ್ನುವುದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು.

"ನೋಡಿಮ್ಮಾ, ಬಾಯಿ ನಡೀತಾ ಇದ್ರೆ ಕೈ ನಿಧಾನ ಆಗತ್ತೆ. ಒಲೆ ಮುಂದೆ ಕೂತ್ಮೇಲೆ ಮಾತು ಬಂದ್," ಅಂದರು ಮೊದಲ ದಿನವೇ.

ಹನ್ನೆರಡು ಒಲೆಗಳಲ್ಲಿ ನಾಲ್ಕು ಕಿಟಕಿಯ ಪಕ್ಕ ಇದ್ದವು. ಅಲ್ಲಿ ಗಾಳಿ ಆಡುತ್ತಿತ್ತು, ಬೀದಿಯ ಹೊಂಗೆಮರ ಕಾಣುತ್ತಿತ್ತು. ಕೊನೆಯ ಒಲೆ ಗೋಡೆಯ ಮೂಲೆಯಲ್ಲಿ. ಉಳಿದ ಹನ್ನೊಂದು ಒಲೆಗಳ ಕಾವೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಮಾತಾಡಿದವರಿಗೆ, ತಡವಾಗಿ ಬಂದವರಿಗೆ, ಎದುರಾಡಿದವರಿಗೆ ನಾಗಭೂಷಣ್ ಆ ಮೂಲೆ ಒಲೆ ಕೊಡತೊಡಗಿದರು. ಸಂಜೆ ಹೊರಡುವಾಗ ಅವರ ಮೇಜಿನ ಹತ್ತಿರ ನಿಂತು ಇನ್ನೊಬ್ಬರ ಸುದ್ದಿ ಹೇಳಿದವರಿಗೆ ಮಾರನೇ ದಿನ ಕಿಟಕಿ ಒಲೆ. ಆರು ತಿಂಗಳಲ್ಲಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುವುದನ್ನೇ ಬಿಟ್ಟರು. ಬುತ್ತಿ ಬಿಚ್ಚಿ ಹಂಚಿಕೊಂಡು ಉಣ್ಣುತ್ತಿದ್ದವರು ಗೋಡೆಗೆ ಮುಖ ಮಾಡಿ ಉಣ್ಣತೊಡಗಿದರು.

ಪಾರವ್ವನ ಪಕ್ಕದ ಒಲೆ ಶಿವಕ್ಕನದು. ಹರಪನಹಳ್ಳಿ ಕಡೆಯವಳು, ಪಾರವ್ವನಿಗಿಂತ ನಾಲ್ಕು ವರ್ಷ ದೊಡ್ಡವಳು, ಬಾಯಿ ಸ್ವಲ್ಪ ಜೋರು. ಒಂದು ದಿನ ಅವಳು, "ಸಾರ್, ಹೊಸಾ ಹಂಚು ಭಾಳ ತೆಳ್ಳಗೈತಿ, ರೊಟ್ಟಿ ಹೊತ್ತತೈತಿ," ಅಂದಳು. ಹಂಚನ್ನು ಆರಿಸಿ ತಂದವರು ನಾಗಭೂಷಣ್. ಶಿವಕ್ಕನಿಗೆ ಹದಿನೈದು ದಿನ ಮೂಲೆ ಒಲೆ ಬಿತ್ತು.

ಅದಾಗಿ ಒಂದು ತಿಂಗಳಿಗೆ ಬಸವೇಶ್ವರನಗರದ ಒಂದು ಛತ್ರದಲ್ಲಿ ಮದುವೆ, ಆರುನೂರು ರೊಟ್ಟಿಯ ಆರ್ಡರು. ಬೆಳಿಗ್ಗೆ ಚೀಲ ಬಿಚ್ಚಿ, ಕುದಿಯುವ ಎಸರು ಹಾಕಿ ಹಿಟ್ಟು ಕಲಸಿದ ಕೂಡಲೇ ಪಾರವ್ವನ ಕೈಗೆ ಗೊತ್ತಾಯಿತು. ಹಿಟ್ಟು ಹಳೆಯದು. ಜಿಗಿ ಇಲ್ಲ, ಬಡಿದರೆ ಅಂಚು ಬಿರಿಯುತ್ತಿದೆ. ಚಿಟಿಕೆ ಬಾಯಿಗೆ ಹಾಕಿಕೊಂಡಳು, ಕಹಿ. ಶಿವಕ್ಕನ ಕಡೆ ನೋಡಿದಳು. ಶಿವಕ್ಕನಿಗೂ ಗೊತ್ತಾಗಿದೆ. ಆದರೆ ಅವಳು ತಲೆ ತಗ್ಗಿಸಿ ಬಡಿಯುತ್ತಲೇ ಇದ್ದಳು. ಆಚೆ ಸಾಲಿನಲ್ಲೂ ಇಬ್ಬರು ಕೈ ನಿಲ್ಲಿಸಿ, ಮೇಜಿನ ಕಡೆ ಒಂದು ಸಲ ನೋಡಿ, ಮತ್ತೆ ಬಡಿಯತೊಡಗಿದರು. ಪಾರವ್ವನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಮೂಲೆ ಒಲೆ ನೆನಪಾಯಿತು. ಅವಳೂ ಬಡಿದಳು.

ಮಧ್ಯಾಹ್ನ ಎರಡಕ್ಕೆ ಬುಟ್ಟಿಗಳು ರೊಟ್ಟಿ ತುಂಬಿದ ಹಾಗೇ ಆಟೋದಲ್ಲಿ ವಾಪಸ್ ಬಂದವು. ಮದುವೆ ಹುಡುಗಿಯ ತಂದೆ ಫೋನಿನಲ್ಲಿ ಆಡಿದ ಮಾತು ಕೇಳಿ ಚನ್ನವೀರಪ್ಪನವರ ಮುಖ ಸುಟ್ಟ ರೊಟ್ಟಿಯಂತಾಗಿತ್ತು.

ಮಾರನೇ ದಿನ ಬೆಳಿಗ್ಗೆ ಅವರು ಬಂದು, ಒಲೆ ಹೊತ್ತಿಸಲು ಬಿಡದೆ, ಒಂದು ಜೋಳದ ಚೀಲದ ಮೇಲೆ ಕೂತರು. ನಾಗಭೂಷಣ್ ಪಕ್ಕದಲ್ಲಿ ನಿಂತಿದ್ದರು.

"ನಾನು ಯಾರನ್ನೂ ಬೈಯಲ್ಲ. ಒಂದೇ ಮಾತು ಕೇಳ್ತೀನಿ. ಹಿಟ್ಟು ಕೆಟ್ಟಿದೆ ಅಂತ ಯಾರಿಗಾದ್ರೂ ಗೊತ್ತಿತ್ತಾ?"

ಹೆಂಗಸರು ನಾಗಭೂಷಣ್ ಕಡೆ ನೋಡಿದರು. ಪಾರವ್ವ ಸೆರಗಿಗೆ ಕೈ ಒರೆಸಿಕೊಂಡು ಎದ್ದು ನಿಂತಳು. ಯಾಕೆ ಎದ್ದೆ ಅಂತ ಅವಳಿಗೆ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ರಾತ್ರಿಯೆಲ್ಲ ಆ ಮದುವೆ ಹುಡುಗಿಯ ಮನೆಯವರು ಖಾಲಿ ಬಾಳೆಲೆ ಮುಂದೆ ಕೂತಂತೆ ಕಣ್ಣಿಗೆ ಕಟ್ಟುತ್ತಿತ್ತಂತೆ.

"ನನಗ ಗೊತ್ತಿತ್ರಿ ಸಾವ್ಕಾರ್ರ. ಹಿಟ್ಟಿಗೆ ಕೈ ಹಚ್ಚಿದಾಗ್ಲೇ ಗೊತ್ತಾಗಿತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ ಪಾರವ್ವ?"

"ಹೇಳಿದವರಿಗೆ ಮೂಲಿ ಒಲಿ ಸಿಗ್ತೈತ್ರಿ ಇಲ್ಲಿ."

ನಾಗಭೂಷಣ್ ಏನೋ ಹೇಳಲು ಹೋದರು. ಚನ್ನವೀರಪ್ಪ ಕೈ ಎತ್ತಿ ತಡೆದರು. ಎದ್ದು ಹೋಗಿ ಮೂಲೆಯ ಒಲೆ ತಾವೇ ಹೊತ್ತಿಸಿದರು. "ಉಳಿದವೂ ಹಚ್ಚಿ," ಅಂದರು. ಹನ್ನೆರಡೂ ಹೊತ್ತಿಕೊಂಡ ಮೇಲೆ ಆ ಮೂಲೆಯಲ್ಲಿ ಮಣೆ ಹಾಕಿ ಕೂತರು. ಹತ್ತು ನಿಮಿಷಕ್ಕೆ ಅಂಗಿ ಮೈಗೆ ಅಂಟಿತು. ಅರ್ಧ ಗಂಟೆಗೆ ಎದ್ದು ಹೊರಗೆ ಹೋಗಿ ಹೊಂಗೆಮರದ ಕೆಳಗೆ ತುಂಬ ಹೊತ್ತು ನಿಂತಿದ್ದರು.

ಆ ವಾರದಲ್ಲೇ ನಾಗಭೂಷಣ್ ಕೆಲಸ ಬಿಟ್ಟರು. ಚನ್ನವೀರಪ್ಪ ಹೋಗಿ ಅಂದರೋ, ಅವರೇ ಹೊರಟರೋ, ಒಳಗಿನವರಿಗೆ ತಿಳಿಯಲಿಲ್ಲ. ಮುಂದೆ ಒಂದು ವರ್ಷದ ಮೇಲೆ ಪಾರವ್ವನಿಗೆ ಅವರು ವಿಜಯನಗರ ಮೆಟ್ರೋ ಸ್ಟೇಷನ್ನಿನ ಕೆಳಗೆ ಸಿಕ್ಕಿದ್ದರು. ತಲೆ ತಪ್ಪಿಸಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ. "ಕಾರ್ಖಾನೇಲಿ ನಮ್ಗೂ ಹಂಗೇ ಮಾಡೋರು ಪಾರವ್ವ. ಬಾಯಿ ಬಿಟ್ರೆ ಫರ್ನೇಸ್ ಹತ್ರ ಡ್ಯೂಟಿ. ಕೆಲಸ ಮಾಡಿಸೋದು ಅಂದ್ರೆ ಹಂಗೇ ಅಂದ್ಕೊಂಡಿದ್ದೆ," ಅಂದರಂತೆ. ಪಾರವ್ವ ಕೈಚೀಲದಲ್ಲಿದ್ದ ಎರಡು ಖಡಕ್ ರೊಟ್ಟಿ ಅವರ ಕೈಗೆ ಕೊಟ್ಟು ಬಂದಳು.

ಅದು ಆಮೇಲಿನ ಮಾತು. ಅವರು ಬಿಟ್ಟು ಹೋದ ಹೊತ್ತಿಗೆ ರೊಟ್ಟಿಮನೆಯಲ್ಲಿ ಉಳಿದವರು ಏಳೇ ಜನ. ಬೇಸತ್ತು ಐದು ಮಂದಿ ಬೇರೆ ಬೇರೆ ಕಡೆ ಸೇರಿಕೊಂಡಿದ್ದರು. ಚನ್ನವೀರಪ್ಪ ಪಾರವ್ವನನ್ನು ಕರೆದು, "ಇನ್ಮೇಲೆ ಒಳಗಿನದು ನೀವೇ ನೋಡ್ಕೊಳ್ಳಿ," ಅಂದಾಗ ಅವಳು ಗಾಬರಿಯಾದಳು.

"ನನಗ ಓದಾಕ ಬರಾಂಗಿಲ್ರಿ."

"ಹಿಟ್ಟು ಓದೋಕೆ ಬರತ್ತಲ್ಲ."

ಮನೆಗೆ ಬಂದು ಗಂಡನಿಗೆ ಹೇಳಿದಳು. "ಮಂದಿಗೆ ಹುಕುಂ ಮಾಡೂದು ನನ್ನ ಕೈಲೆ ಆಗೂದಿಲ್ಲ ನೋಡ್ರಿ." ಈರಪ್ಪ ಕಾಲಿಗೆ ಅಂಟಿದ ಸಿಮೆಂಟು ಕೆರೆಯುತ್ತ ಕೂತಿದ್ದವನು ತಲೆ ಎತ್ತಲಿಲ್ಲ. "ಇಪ್ಪತ್ತಾರು ವರ್ಷ ನನಗ ಮಾಡಿಲ್ಲೇನ? ಅದ ರೂಢಿ," ಅಂದ.

ಪಾರವ್ವ ಒಪ್ಪಿದಳು. ಆದರೆ ಎರಡು ಮಾತು ಹೇಳಿ ಒಪ್ಪಿದಳು. ನಾನು ಮೇಜಿನ ಹಿಂದೆ ಕೂರುವುದಿಲ್ಲ, ರೊಟ್ಟಿ ಬಡಿಯುತ್ತಲೇ ಇರುತ್ತೇನೆ. ಕಲ್ಲು ಬಿಟ್ಟು ಎದ್ದರೆ ಹಿಟ್ಟಿನ ಸುದ್ದಿ ನನಗೆ ತಿಳಿಯುವುದಿಲ್ಲ. ಮತ್ತೆ, ಒಲೆ ಯಾರದೂ ಅಲ್ಲ. ವಾರಕ್ಕೊಮ್ಮೆ ಎಲ್ಲರೂ ಒಂದೊಂದು ಒಲೆ ಮುಂದಕ್ಕೆ ಸರಿಯಬೇಕು, ಮೂಲೆಯ ಪಾಳಿ ನನಗೂ ಬರಬೇಕು. ಚನ್ನವೀರಪ್ಪ ಹೂಂ ಅಂದರು. ಅಷ್ಟಕ್ಕೇ ಬಿಡದೆ, ಮೂಲೆಯ ಗೋಡೆಗೆ ತೂತು ಕೊರೆಸಿ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿದರು. ಮೊದಲ ವಾರ ಮೂಲೆಗೆ ಹೋಗಿ ಕೂತವಳು ಪಾರವ್ವನೇ.

ಮಾತು ಒಂದೇ ದಿನಕ್ಕೆ ವಾಪಸ್ ಬರಲಿಲ್ಲ. ಬಾಯಿ ಕಟ್ಟಿ ಕೂತು ಎಷ್ಟು ರೂಢಿಯಾಗಿತ್ತೆಂದರೆ, ಮಾತಾಡಿ ಅಂದರೂ ಹೆಂಗಸರು ಮೇಜಿನ ಕಡೆ ನೋಡುತ್ತಿದ್ದರು. ಮೇಜನ್ನು ಅಲ್ಲಿಂದ ತೆಗೆಸಿ ರೊಟ್ಟಿ ಆರಿಸಲು ಹಾಕಿದ ಮೇಲೆ ಒಬ್ಬಳು ಒಗಟು ಹಾಕಿದಳು. ಇನ್ನೊಬ್ಬಳು ಬಿಡಿಸಿದಳು. ತಿಂಗಳು ಕಳೆಯುವಷ್ಟರಲ್ಲಿ ಬಿಟ್ಟು ಹೋದವರಲ್ಲಿ ಮೂವರು, "ಅಲ್ಲಿ ನಗು ಕೇಳ್ತೈತಂತಲ್ಲ," ಅಂತ ತಾವೇ ವಾಪಸ್ ಬಂದರು.

ಪಾರವ್ವನದೂ ಎಡವದ ಕಾಲೇನಲ್ಲ. ಎರಡನೇ ತಿಂಗಳಲ್ಲಿ ಶಿವಕ್ಕ ಒಂದೇ ವಾರದಲ್ಲಿ ಮೂರು ದಿನ ತಡವಾಗಿ ಬಂದಳು. ಅವತ್ತು ಹಾಸ್ಟೆಲ್ಲಿನ ರೊಟ್ಟಿಗೆ ಅವಸರ. ಪಾರವ್ವ ಎಲ್ಲರ ಎದುರಿಗೆ, "ನಿನಗೊಬ್ಬಾಕಿಗೆ ಬ್ಯಾರೆ ಗಡಿಯಾರ ಐತೇನ? ಬರೂದಾದ್ರ ಹೊತ್ತಿಗೆ ಬಾ, ಇಲ್ಲಾಂದ್ರ ಮನ್ಯಾಗ ಇರು," ಅಂದುಬಿಟ್ಟಳು. ಅವತ್ತು ಮಧ್ಯಾಹ್ನ ಶಿವಕ್ಕ ಗೋಡೆಗೆ ಮುಖ ಮಾಡಿ ಉಂಡಳು.

ಪಾರವ್ವ ಆ ಬೆನ್ನು ನೋಡಿದಳು. ತನ್ನ ಬಾಯಿಂದ ಬಂದದ್ದು ನಾಗಭೂಷಣ್‌ರ ದನಿ ಅಂತ ಅವಳಿಗೇ ಅನ್ನಿಸಿತು. ಮಾರನೇ ದಿನ ಎಲ್ಲರೂ ಕೂತ ಮೇಲೆ ಎದ್ದು ನಿಂತಳು.

"ನಿನ್ನೆ ಎಲ್ಲಾರ ಮುಂದ ಬೈದೀನಿ, ಅದಕ್ಕ ಎಲ್ಲಾರ ಮುಂದ ಹೇಳ್ತೀನಿ. ತಪ್ಪು ನಂದು ಶಿವಕ್ಕ. ಯಾಕ ತಡಾ ಆತು ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ."

ಶಿವಕ್ಕನಿಗೆ ಮೊದಲು ಸಿಟ್ಟೇ ಬಂತು. "ಈಗ ಕೇಳ್ತೀಯೇನು?" ಅಂದಳು. ಆಮೇಲೆ ಹೇಳಿದಳು. ಅವಳ ಬೀದಿಗೆ ನಲ್ಲಿ ನೀರು ಬಿಡುವುದು ದಿನ ಬಿಟ್ಟು ದಿನ, ಬೆಳಿಗ್ಗೆ ಆರಕ್ಕೆ, ಬರೀ ಮುಕ್ಕಾಲು ಗಂಟೆ. ಸೊಸೆ ಬಾಣಂತಿ. ನೀರು ಹಿಡಿಯದೆ ಬರುವ ಹಾಗಿಲ್ಲ. ವಿಚಾರಿಸಿದರೆ ಇನ್ನೂ ಮೂವರದು ಅದೇ ಪಾಡು. ಅವರು ಕೊಡ ಅರ್ಧಕ್ಕೇ ಬಿಟ್ಟು ಓಡಿ ಬರುತ್ತಿದ್ದರು. ಅವತ್ತಿನಿಂದ ನೀರು ಬರುವ ದಿನ ಆ ನಾಲ್ವರು ಅರ್ಧ ಗಂಟೆ ತಡವಾಗಿ ಬರುವುದು, ಸಂಜೆ ಅರ್ಧ ಗಂಟೆ ಕೂತು ಹಂಚು-ಕಲ್ಲು ತೊಳೆದಿಟ್ಟು ಹೋಗುವುದು ಅಂತಾಯಿತು. ರೊಟ್ಟಿ ಒಂದೂ ಕಡಿಮೆ ಬೀಳಲಿಲ್ಲ. ಶಿವಕ್ಕ ಮಾತ್ರ ಎರಡು ದಿನ ಮುಖ ಊದಿಸಿಕೊಂಡೇ ಇದ್ದು, ಮೂರನೇ ದಿನ ಗುರೆಳ್ಳು ಚಟ್ನಿಯ ಡಬ್ಬಿ ತಂದು ಪಾರವ್ವನ ತಟ್ಟೆಯ ಪಕ್ಕ ಕುಕ್ಕಿದಳು.

ಹನ್ನೆರಡೂ ಒಲೆ ಮತ್ತೆ ತುಂಬಿದವು. ಹನ್ನೆರಡನೆಯವಳಾಗಿ ಬಂದವಳು ಭುವನೇಶ್ವರಿ, ರೋಣದ ಹುಡುಗಿ, ಇಪ್ಪತ್ತೆರಡು ವರ್ಷ. ಪಿಯುಸಿ ಓದಿದ್ದಳು. ರೊಟ್ಟಿ ಬಡಿಯುವುದು ಅಷ್ಟಕ್ಕಷ್ಟೆ, ಅಕ್ಷರ ಮುತ್ತಿನಂತೆ. ಫೋನು ತೆಗೆದುಕೊಂಡು ಆರ್ಡರು ಬರೆಯುವ ಕೆಲಸವನ್ನು ಪಾರವ್ವ ಅವಳಿಗೆ ಕೊಟ್ಟಳು. ಮೊದಲು ಕೆಲಸ ಮಾಡಿದ ಕಡೆ ಏನು ಕಂಡಿದ್ದಳೋ, ಯಾರಾದರೂ ಹೆಸರು ಹಿಡಿದು ಕರೆದರೆ ಬೆಚ್ಚಿ ಎದ್ದು ನಿಲ್ಲುತ್ತಿದ್ದಳು.

ಮುಂದಿನದು ಹೋದ ವರ್ಷ ಶ್ರಾವಣದ ಒಂದು ಗುರುವಾರದ ಮಾತು.

ಬೆಳಿಗ್ಗೆ ಎಂಟೂಕಾಲು. ದಿನದ ಆರ್ಡರಿನ ರೊಟ್ಟಿ ಅರ್ಧ ಮುಗಿದಿತ್ತು. ಭುವನೇಶ್ವರಿ ನೋಟ್‌ಬುಕ್ ಎದೆಗೆ ಅವಚಿಕೊಂಡು ಪಾರವ್ವನ ಒಲೆಯ ಮುಂದೆ ಬಂದು ನಿಂತಳು. ಮುಖದಲ್ಲಿ ರಕ್ತ ಇರಲಿಲ್ಲ.

"ಅಕ್ಕಾರ, ನನ್ನ ಕೈಲೆ ತಪ್ಪಾಗೇತ್ರಿ."

"ಏನಾತವ್ವ?"

"ಅನ್ನಪೂರ್ಣೇಶ್ವರಿ ನಗರದ ಶಂಭುಲಿಂಗಪ್ಪ ಸಾರ್ ಅವ್ರ ಗೃಹಪ್ರವೇಶದ ಆರ್ಡರು. ಒಂದೂವರೆ ಸಾವಿರ ರೊಟ್ಟಿ. ನಾನು ನಾಳೆ ಅಂತ ಬರದೀನ್ರಿ. ಈಗ ಫೋನ್ ಮಾಡಿದ್ರು, ಎಷ್ಟು ಹೊತ್ತಿಗೆ ಕಳಸ್ತೀರಿ ಅಂತ. ಅದು ಇವತ್ತ ಐತ್ರಿ. ಹನ್ನೆರಡೂವರೆಗೆ ಊಟ."

ಎಲ್ಲ ಕಲ್ಲಿನ ಸದ್ದೂ ಒಟ್ಟಿಗೇ ನಿಂತಿತು. ಹುಡುಗಿ ಫೋನಿಟ್ಟು ಎರಡು ನಿಮಿಷವೂ ಆಗಿರಲಿಲ್ಲ, ನೆಟ್ಟಗೆ ಇಲ್ಲಿಗೇ ಬಂದಿದ್ದಳು. ಅದು ಪಾರವ್ವನ ಲಕ್ಷ್ಯಕ್ಕೆ ಬಂತು.

"ಬಂದು ಹೇಳಿದ್ದು ಚಲೋ ಆತು," ಅಂದಳು. "ನಾಕು ತಾಸು ಅದಾವು. ಅಳೂದು ಏನರ ಇದ್ರ ಸಂಜೀಕ ಅಳು. ಈಗ ಸಾವ್ಕಾರ್ರಿಗೆ ಫೋನ್ ಹಚ್ಚು."

ನಾಳೆಯ ಜೋಳ ಇನ್ನೂ ಕಾಳಾಗಿಯೇ ಇತ್ತು, ಬೀಸಿಸಿರಲಿಲ್ಲ. ಚನ್ನವೀರಪ್ಪ ಸ್ನಾನದ ಮನೆಯಿಂದ ಹಾಗೇ ಅಂಗಿ ಸಿಕ್ಕಿಸಿಕೊಂಡು ಬಂದರು. ಸುದ್ದಿ ಕೇಳಿ ಅವರ ಹಣೆಯ ನರ ಉಬ್ಬಿತು. ಭುವನೇಶ್ವರಿಯ ಕಡೆ ಒಂದು ಸಲ, ಪಾರವ್ವನ ಕಡೆ ಒಂದು ಸಲ ನೋಡಿದರು.

"ಎಷ್ಟು ಹಿಟ್ಟು ಬೇಕು?"

"ತೊಂಬತ್ತು ಕಿಲೋ. ಒಮ್ಮೆಗೆ ಬ್ಯಾಡ್ರಿ, ಬೀಸಿದಂಗ ಬೀಸಿದಂಗ ತಂದು ಕೊಡ್ರಿ."

ಚನ್ನವೀರಪ್ಪ ಚೀಲಗಳನ್ನು ಕಾರಿನ ಹಿಂದೆ ತುಂಬಿಕೊಂಡು ಹಿಟ್ಟಿನ ಗಿರಣಿಗೆ ಓಡಿದರು. ಪಾರವ್ವ ಎರಡು ಖಾನಾವಳಿಗಳಿಗೆ ತಾನೇ ಫೋನ್ ಮಾಡಿ, ಸುಳ್ಳು ನೆಪ ಹೇಳದೆ, ಆದದ್ದು ಆದ ಹಾಗೆ ಹೇಳಿದಳು. ಒಬ್ಬರು ಗೊಣಗಿದರು. ಇನ್ನೊಬ್ಬರು, "ನಮ್ಗೆ ಇವತ್ತು ಚಪಾತಿ ನಡೆಯತ್ತೆ ಪಾರಕ್ಕ, ನಮ್ಮ ಇನ್ನೂರೂ ಅವ್ರಿಗೇ ಕೊಡಿ," ಅಂದರು. ಅಲ್ಲಿಗೆ ಇನ್ನೂರು ಸಿಕ್ಕಿತು. ಉಳಿದದ್ದು ಸಾವಿರದ ಮುನ್ನೂರು.

ಮುಂದಿನ ಮೂರು ಗಂಟೆ ಆ ಬೀದಿಯವರು ಯಾವತ್ತೂ ಕೇಳದಂಥ ಸದ್ದು ಕೇಳಿದರು. ಯಾರು ಎಲ್ಲಿ ಕೂರಬೇಕು, ಏನು ಮಾಡಬೇಕು ಅಂತ ಪಾರವ್ವ ಹೇಳಬೇಕಾಗಿಯೇ ಬರಲಿಲ್ಲ. ಶಿವಕ್ಕ ಎದ್ದು, "ಬಡಿಯೋರು ಬಡೀರಿ, ಬೇಯಿಸೋರು ಬೇಯಿಸ್ರಿ, ಒಬ್ಬಾಕಿ ಎರಡೂ ಮಾಡೂದು ಇವತ್ತು ಬ್ಯಾಡ," ಅಂದು ಕೈಚುರುಕಿನ ಏಳು ಜನರನ್ನು ಕಲ್ಲಿಗೆ, ನಾಲ್ವರನ್ನು ಹಂಚಿಗೆ ಹಚ್ಚಿದಳು. ಪಾರವ್ವನಿಗೆ ಹೊಳೆಯದ ಉಪಾಯ ಅದು. ಹಂಚಿನವರು ಒಬ್ಬೊಬ್ಬರು ಮೂರು ಮೂರು ಒಲೆ ನೋಡಿಕೊಂಡರು. ಕಿಟಕಿಯ ಆಚೆ ಬಂದು ನಿಂತ ಪಕ್ಕದ ಮನೆಯ ಆಂಟಿ ಒಬ್ಬರು, ತಮಿಳು ಮಾತಾಡುವವರು, ಏನಾಯಿತೆಂದು ಕೇಳಿ, ಒಳಗೆ ಬಂದು ಸೆರಗು ಸಿಕ್ಕಿಸಿ ರೊಟ್ಟಿ ಎಣಿಸಿ ಬುಟ್ಟಿಗೆ ಜೋಡಿಸಲು ಕೂತರು.

ಭುವನೇಶ್ವರಿ ಹಿಟ್ಟು ನಾದುತ್ತಿದ್ದಳು. ಕಣ್ಣು ಮೂಗು ಎರಡೂ ಸೋರುತ್ತಿದ್ದವು. "ಮೂಗು ಒರಸ್ಕೊ ತಂಗಿ, ಉಪ್ಪಿನ ರೊಟ್ಟಿ ಆರ್ಡರ್ ಮಾಡಿಲ್ಲ ಅವ್ರು," ಅಂದಳು ಶಿವಕ್ಕ. ಮೊದಲು ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ. ಭುವನೇಶ್ವರಿಯೂ ಅಳುತ್ತಲೇ ನಕ್ಕಳು.

ಕೊನೆಯ ಚೀಲ ತಂದಿಳಿಸಿದ ಚನ್ನವೀರಪ್ಪನವರಿಗೆ ಸುಮ್ಮನೆ ನಿಲ್ಲಲು ಆಗಲಿಲ್ಲ. "ನಂಗೂ ಒಂದು ಕಲ್ಲು ಕೊಡಿ," ಅಂದರು. ಒಂಬತ್ತು ವರ್ಷದಿಂದ ರೊಟ್ಟಿಮನೆ ನಡೆಸುವ ಮನುಷ್ಯ ಅವತ್ತು ಮೊದಲ ಸಲ ರೊಟ್ಟಿ ಬಡಿದದ್ದು. ಒಂದು ಕಡೆ ಕಾಗದ, ಇನ್ನೊಂದು ಕಡೆ ಚಪ್ಪಲಿ ಅಟ್ಟೆ.

"ಇದು ಯಾ ದೇಶದ ನಕ್ಷಾರೀ?" ಅಂತ ಒಬ್ಬಳು ಕೇಳಿದಳು.

"ಹಂಗ ಬಿಡಬ್ಯಾಡ್ರೇ," ಅಂದಳು ಶಿವಕ್ಕ. "ರೊಟ್ಟಿ ಕೆಡಿಸಿದವರು ಹೆಂಡತಿ ಹೆಸರು ಹೇಳ್ಬೇಕು. ಒಡಪು ಹಚ್ಚಿ."

ನಾಗಭೂಷಣ್ ಇದ್ದ ಕಾಲದಲ್ಲಿ ಮಾಲೀಕರ ಮುಂದೆ ಇಂಥ ಮಾತು ಯಾರ ಕನಸಿನಲ್ಲೂ ಬರುವಂಥದ್ದಲ್ಲ. ಚನ್ನವೀರಪ್ಪ ಕಿವಿಯವರೆಗೆ ಕೆಂಪಾದರು. ಕಲ್ಲಿನ ಮೇಲಿನ ವಕ್ರ ರೊಟ್ಟಿಯನ್ನೇ ನೋಡುತ್ತ ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು:

"ಹಂಚಿನ ಮೇಲೆ ರೊಟ್ಟಿ ಉಬ್ಬಿ ಬಂತು, ನನ್ನ ರೊಟ್ಟಿ ಮಾತ್ರ ಹರಿದು ನಿಂತು, ಹರಿದದ್ದೂ ತಿಂದು ಚೆನ್ನಾಗಿದೆ ಅನ್ನೋಳು, ನಮ್ಮನೆ ದೀಪ ಸರ್ವಮಂಗಳಾ ಅನ್ನೋಳು."

ಆ ನಗು ರಸ್ತೆಯ ತುದಿಯ ಔಷಧಿ ಅಂಗಡಿಯವರೆಗೂ ಕೇಳಿಸಿತಂತೆ. ನಗುತ್ತ ನಗುತ್ತಲೇ ಕೈಗಳು ಓಡುತ್ತಿದ್ದವು. ಮೈತುಂಬ ಹಿಟ್ಟು, ಬೆವರು. ಅವತ್ತು ಮೂಲೆಯ ಪಾಳಿ ಯಾರದಿತ್ತು ಅಂತ ಯಾರಿಗೂ ನೆನಪೇ ಇಲ್ಲ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಕೊನೆಯ ಬುಟ್ಟಿ ಕಾರಿಗೆ ಏರಿತು. ಜೊತೆಗೆ ಭುವನೇಶ್ವರಿಯನ್ನೂ ಪಾರವ್ವನನ್ನೂ ಚನ್ನವೀರಪ್ಪ ಹತ್ತಿಸಿಕೊಂಡರು. ನಾಗರಭಾವಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಮೂರೂ ಜನ ಕೆಂಪು ದೀಪವನ್ನೇ ನೋಡುತ್ತ ಕೂತಿದ್ದರು. ಗೃಹಪ್ರವೇಶದ ಮನೆ ತಲುಪಿದಾಗ ಎಲೆ ಹಾಕುತ್ತಿದ್ದರು. ಮನೆಯ ಯಜಮಾನರು ಶಂಭುಲಿಂಗಪ್ಪ, ನಿವೃತ್ತ ಅಧಿಕಾರಿ, ಬಿಳಿ ಪಂಚೆ, ಹಣೆತುಂಬ ವಿಭೂತಿ. ಬುಟ್ಟಿಯ ಬಟ್ಟೆ ಸರಿಸಿ ಒಂದು ರೊಟ್ಟಿ ಮುಟ್ಟಿ ನೋಡಿದರು.

"ಇನ್ನೂ ಬಿಸಿ ಇದೆಯಲ್ರಿ. ಬೆಳಿಗ್ಗೆಯೇ ಮಾಡಿಟ್ಟಿರ್ತೀರೇನೋ ಅಂದ್ಕೊಂಡಿದ್ದೆ."

ಚನ್ನವೀರಪ್ಪ ಏನೋ ಸುಲಭದ ಉತ್ತರ ಹೇಳಿ ಮುಗಿಸುವುದರಲ್ಲಿದ್ದರು. ಅಷ್ಟರಲ್ಲಿ ಭುವನೇಶ್ವರಿ, "ತಾರೀಖು ತಪ್ಪು ಬರದಿದ್ದೆ ಸಾರ್, ನಾನು. ಅದಕ್ಕ ಈಗ ಮಾಡಿ ತಂದ್ವಿ," ಅಂದುಬಿಟ್ಟಳು. ಶಂಭುಲಿಂಗಪ್ಪ ಅವಳನ್ನೇ ನೋಡಿದರು. ಆಮೇಲೆ ಹಿಟ್ಟು ಮೆತ್ತಿದ ಮೂವರನ್ನೂ ನೋಡಿ, "ಮೊದಲ ಪಂಕ್ತಿಗೆ ಕೂರಿ," ಅಂದರು. ಬೇಡ ಅಂದರೂ ಬಿಡಲಿಲ್ಲ. ಪಾರವ್ವ ಬೆಂಗಳೂರಿಗೆ ಬಂದ ಮೇಲೆ ತಾನು ಬಡಿದ ರೊಟ್ಟಿಯನ್ನು ಬೇರೆಯವರ ಕೈಯಿಂದ ಬಡಿಸಿಕೊಂಡು ಉಂಡದ್ದು ಅದೇ ಮೊದಲು. ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಂಡಳು.

ಅಂದಿನಿಂದ ಆರ್ಡರಿನ ನೋಟ್‌ಬುಕ್ಕಿನ ಜೊತೆಗೆ ಗೋಡೆಯ ಕ್ಯಾಲೆಂಡರಿನಲ್ಲೂ ಬರೆಯಬೇಕು, ಬರೆದದ್ದನ್ನು ಬೆಳಿಗ್ಗೆ ಎಲ್ಲರಿಗೂ ಕೇಳುವಂತೆ ಓದಬೇಕು ಅನ್ನುವ ಪದ್ಧತಿ ತಂದವಳು ಭುವನೇಶ್ವರಿಯೇ. ಓದುವುದು ಕೇಳಿ ಕೇಳಿ ಪಾರವ್ವನೂ ವಾರಗಳ ಹೆಸರಿನ ಅಕ್ಷರ ಗುರುತಿಸಲು ಕಲಿತಳು. ಶಂಭುಲಿಂಗಪ್ಪನವರ ಬೀದಿಯಿಂದಲೇ ಆ ವರ್ಷ ನಾಲ್ಕು ಮನೆಯವರು ರೊಟ್ಟಿಗೆ ಹೇಳಿದರು.

ಈ ಯುಗಾದಿಗೆ ಕೆಂಗೇರಿ ಉಪನಗರದಲ್ಲಿ ಎರಡನೇ ರೊಟ್ಟಿಮನೆ ಶುರುವಾಯಿತು. ಅದನ್ನು ಯಾರು ನೋಡಿಕೊಳ್ಳಬೇಕು ಅಂತ ಚನ್ನವೀರಪ್ಪ ಒಬ್ಬರೇ ತೀರ್ಮಾನಿಸಲಿಲ್ಲ, ಒಲೆಗಳ ಮುಂದೆ ಬಂದು ಕೂತು ಕೇಳಿದರು. ಹೆಂಗಸರೆಲ್ಲ ಶಿವಕ್ಕನ ಹೆಸರು ಹೇಳಿದರು. ಪಾರವ್ವನಿಗೆ ಹಿಗ್ಗೂ ಆಯಿತು, ಪಕ್ಕದ ಒಲೆ ಖಾಲಿಯಾಗುತ್ತದಲ್ಲ ಅಂತ ಬೇಸರವೂ ಆಯಿತು. ಹೊರಡುವ ದಿನ ಶಿವಕ್ಕನಿಗೆ ಒಂದು ಇಳಕಲ್ ಸೀರೆ ಉಡಿಸಿ, ಮೆಟ್ರೋ ಹತ್ತಿಸಿ ಬಂದಳು.

ಮಾರನೇ ದಿನ ಬೆಳಿಗ್ಗೆ ಏಳಕ್ಕೇ ಶಿವಕ್ಕನ ಫೋನು.

"ಪಾರೂ, ಇಲ್ಲಿ ಎಂಟು ಮಂದಿ ಕುಂತು ನನ್ನ ಮಾರಿ ನೋಡಾಕತ್ತಾರ. ಮೂವರು ಮಂಡ್ಯದ ಕಡೆಯೋರು. ಅಕ್ಕಿ ರೊಟ್ಟಿ ಬಿಟ್ಟು ಬ್ಯಾರೆ ಕಂಡವರಲ್ಲ. ಜ್ವಾಳದ ಹಿಟ್ಟು ಮುಟ್ಟಾಕೂ ಅಂಜತಾರ. ಏನ್ ಮಾಡ್ಲಿ?"

ಪಾರವ್ವ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು, ಹಂಚಿನ ಮೇಲಿನ ರೊಟ್ಟಿ ಮಗುಚಿದಳು.

"ನಿನಗ ಅಕ್ಕಿ ರೊಟ್ಟಿ ಮಾಡಾಕ ಬರ್ತೈತೇನು?"

"ನನಗೆಲ್ಲಿ ಬರ್ತೈತಿ?"

"ಹಂಗಾರ ಇವತ್ತು ಮೊದಲ ಅವ್ರ ಕಡಿಂದ ನೀ ಅದನ್ನ ಕಲಿ. ಜ್ವಾಳ ನಾಳೆ ತಗದ್ರಾತು."

ಆ ಕಡೆ ಶಿವಕ್ಕ ಯಾರನ್ನೋ ಹೆಸರು ಕೇಳುವುದು, ಆ ಹೆಂಗಸು ನಾಚಿಕೊಂಡು ಜಯಲಕ್ಷ್ಮಮ್ಮ ಅನ್ನುವುದು, ಅಕ್ಕಿ ಹಿಟ್ಟು ಎಲ್ಲಿ ಸಿಗತ್ತೆ ಅಂತ ನಾಲ್ಕಾರು ದನಿ ಒಟ್ಟಿಗೇ ಎದ್ದದ್ದು ಕೇಳಿಸಿತು. ಶಿವಕ್ಕ ಫೋನ್ ಇಡುವುದನ್ನೂ ಮರೆತಿದ್ದಳು. ಪಾರವ್ವ ಇನ್ನೊಂದು ಉಂಡೆ ಕಲ್ಲಿನ ಮೇಲಿಟ್ಟು, ಆ ಗಲಾಟೆ ಕೇಳುತ್ತಲೇ ಬಡಿಯತೊಡಗಿದಳು.